ಸೋಂಕು ಮೂತ್ರಕೋಶದಲ್ಲಿ, ಗಲಿಬಿಲಿ ಮಿದುಳಿನಲ್ಲಿ: ಇಮ್ಯೂನಿಟಿ ಏರಿಸಬೇಕಾ, ಇಳಿಸಬೇಕಾ?

ಪ್ರಶ್ನೆ: ನಮ್ಮದು ಹರಿಹರ. ಅವ್ವನಿಗೆ 74 ವರ್ಷ. ಮೂರು ವರ್ಷದಿಂದ ಮರೆವು, ಅಲ್ಝೈಮರ್ ಎಂದು ಹೇಳಿದ್ದಾರೆ. ಹೋದ ತಿಂಗಳು ಯೂರಿನ್ ಇನ್‌ಫೆಕ್ಷನ್ ಆಯಿತು. ಜ್ವರ ಅಷ್ಟೇನೂ ಇರಲಿಲ್ಲ. ಆದರೆ ಒಂದೇ ರಾತ್ರಿಯಲ್ಲಿ ಅವ್ವ ಪೂರ್ತಿ ಬದಲಾದಳು. ಗೋಡೆ ಹತ್ತಿರ ಯಾರೋ ನಿಂತಿದ್ದಾರೆ ಅನ್ನುತ್ತಿದ್ದಳು. ನನ್ನನ್ನೇ ಗುರುತು ಹಿಡಿಯಲಿಲ್ಲ. ದಾವಣಗೆರೆಯಲ್ಲಿ ಅಡ್ಮಿಟ್ ಮಾಡಿದೆವು, ಸೋಂಕು ವಾಸಿಯಾಯಿತು. ಆದರೂ ಮೊದಲಿನ ಹಾಗೆ ಆಗಿಲ್ಲ. ಮಿದುಳಿನ ಇಮ್ಯೂನ್ ಸೆಲ್‌ಗಳು ಕೆರಳಿದ್ದರಿಂದ ಹೀಗಾಯಿತು ಎಂದು ಡಾಕ್ಟರ್ ಹೇಳಿದರು. ಸೋಂಕು ಇದ್ದದ್ದು ಮೂತ್ರಕೋಶದಲ್ಲಿ, ಮಿದುಳಿಗೆ ಏನು ಸಂಬಂಧ? ಸಂಬಂಧಿಕರೊಬ್ಬರು ಇಮ್ಯೂನಿಟಿ ಹೆಚ್ಚಿಸುವ ಪುಡಿ ತಂದುಕೊಟ್ಟಿದ್ದಾರೆ, ಕೊಡಬಹುದಾ? ಅಥವಾ ಇಮ್ಯೂನಿಟಿ ಇಳಿಸುವ ಮಾತ್ರೆ ಏನಾದರೂ ಇದೆಯಾ?

ಉತ್ತರ: ಪುಡಿ ಕೊಡಬೇಡಿ. ಇಮ್ಯೂನಿಟಿ ಇಳಿಸುವ ಮಾತ್ರೆಯನ್ನೂ ಹುಡುಕಬೇಡಿ. ಉತ್ತರ ಉದ್ದ ಇದೆ, ಅದಕ್ಕೇ ಇದನ್ನು ಮೊದಲೇ ಹೇಳಿದೆ. ಮಿದುಳಿನ ಕಾಯಿಲೆಗಳಲ್ಲಿ "ಇಮ್ಯೂನಿಟಿ ಏರಿಸಬೇಕಾ, ಇಳಿಸಬೇಕಾ" ಎಂದು ಒಟ್ಟಾರೆಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಕಾಯಿಲೆ, ಯಾವ ಹಂತ, ಯಾವ ರಿಸೆಪ್ಟರ್ (ಅಪಾಯವನ್ನು ಗುರುತು ಹಿಡಿಯುವ ಪ್ರೋಟೀನ್) ಎಂದು ಬಿಡಿಸಿ ನೋಡಬೇಕು. ಒಂದು ಕಡೆ ಮಿದುಳನ್ನು ಕಾಪಾಡುವುದೇ ಇನ್ನೊಂದು ಕಡೆ ಅದನ್ನು ಹಾಳು ಮಾಡುತ್ತದೆ.

ನಿಮ್ಮ ತಾಯಿಯವರ ವಿಷಯದಿಂದಲೇ ಶುರು ಮಾಡೋಣ.

ಮೂತ್ರದ ಸೋಂಕಿಗೆ ಹೆಚ್ಚಿನ ಸಲ ಕಾರಣ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಅದರ ಹೊರಪದರದಲ್ಲಿ ಕೊಬ್ಬು ಮತ್ತು ಸಕ್ಕರೆ ಸೇರಿದ ಒಂದು ವಸ್ತು ಇರುತ್ತದೆ, ಹೆಸರು ಎಲ್‌ಪಿಎಸ್. ನಮ್ಮ ರಕ್ಷಣಾ ಕೋಶಗಳ ಮೇಲೆ ಇದನ್ನು ಹಿಡಿಯುವ ಒಂದು ಪ್ರೋಟೀನ್ ಇದೆ. ಅದೇ ಟೋಲ್ ರಿಸೆಪ್ಟರ್ 4, ಅಂದರೆ ಟಿಎಲ್‌ಆರ್-4. ಈ ರಿಸೆಪ್ಟರ್ ಯಾವುದನ್ನೂ ಕಲಿತು ಬಂದಿಲ್ಲ. ಹುಟ್ಟುವಾಗಲೇ ನಮ್ಮ ಜೀನ್‌ನಲ್ಲಿ ಬರೆದಿರುತ್ತದೆ. ಲಸಿಕೆ ಹಾಕಿದಾಗ ತಯಾರಾಗುವ ಆ್ಯಂಟಿಬಾಡಿಗೆ ಕೆಲವು ದಿನ, ವಾರ ಬೇಕು. ಹುಟ್ಟಿನಿಂದ ಬಂದ ಈ ರಕ್ಷಣೆಗೆ ನಿಮಿಷಗಳು ಸಾಕು.

ಇದು ಬೆಳಕಿಗೆ ಬಂದದ್ದು ನೊಣದ ಮೂಲಕ. ಹಣ್ಣಿನ ಮೇಲೆ ಕೂರುವ ಸಣ್ಣ ನೊಣದಲ್ಲಿ ಟೋಲ್ ಎಂಬ ಜೀನ್ ಕೆಟ್ಟರೆ ಅದು ಬೂಸ್ಟಿನ ಸೋಂಕಿನಿಂದ ಸಾಯುತ್ತದೆ ಎಂದು ಜೂಲ್ಸ್ ಹಾಫ್‌ಮನ್ ತಂಡ 1996ರಲ್ಲಿ ತೋರಿಸಿತು. ಮರುವರ್ಷ ಮೆಡ್ಜಿಟೋವ್ ಮತ್ತು ಚಾರ್ಲ್ಸ್ ಜೇನ್‌ವೇ ಮನುಷ್ಯರಲ್ಲೂ ಅಂಥದ್ದೇ ಜೀನ್ ಇದೆ ಎಂದರು. 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಇಲಿಗಳಲ್ಲಿ ಕೆಲಸ ಮಾಡಿ, ಎಲ್‌ಪಿಎಸ್ ಹಿಡಿಯುವುದು ಟಿಎಲ್‌ಆರ್-4 ಎಂದು ಖಚಿತಪಡಿಸಿದರು. ಹಾಫ್‌ಮನ್ ಮತ್ತು ಬಾಯ್ಟ್ಲರ್‌ಗೆ 2011ರಲ್ಲಿ ನೊಬೆಲ್ ಬಂತು. ಇಂಥ ರಿಸೆಪ್ಟರ್‌ಗಳು ಇರಲೇಬೇಕು ಎಂದು 1989ರಲ್ಲೇ ಹೇಳಿದ್ದ ಜೇನ್‌ವೇ ಅಷ್ಟೊತ್ತಿಗೆ ತೀರಿಹೋಗಿದ್ದರು. ಇಡೀ ಕ್ಷೇತ್ರ ಅವರ ಯೋಚನೆಯ ಮೇಲೇ ನಿಂತಿದೆ, ಅದಕ್ಕೆ ಅವರ ಹೆಸರನ್ನು ಬಿಡಲು ನನಗೆ ಮನಸ್ಸಾಗುವುದಿಲ್ಲ.

ಮನುಷ್ಯರಲ್ಲಿ ಟೋಲ್ ರಿಸೆಪ್ಟರ್‌ಗಳು 10 ಬಗೆ. ಕೆಲವು ಕೋಶದ ಹೊರಗೋಡೆಯ ಮೇಲಿದ್ದು ಬ್ಯಾಕ್ಟೀರಿಯಾದ ಭಾಗಗಳನ್ನು ಹಿಡಿಯುತ್ತವೆ. ಟಿಎಲ್‌ಆರ್-3, 7, 8, 9 ಕೋಶದ ಒಳಗಿನ ಚೀಲಗಳಲ್ಲಿದ್ದು ವೈರಸ್ ಮುಂತಾದವುಗಳ ಆರ್‌ಎನ್‌ಎ, ಡಿಎನ್‌ಎ ಪತ್ತೆ ಮಾಡುತ್ತವೆ. ಇವಲ್ಲದೆ ಬೇರೆ ಕುಟುಂಬದ ರಿಸೆಪ್ಟರ್‌ಗಳೂ ಇವೆ. ಅವುಗಳಲ್ಲಿ ಎರಡರ ಹೆಸರು ಮುಂದೆ ಬರುತ್ತದೆ.

ಈಗ ಮೂತ್ರಕೋಶದಿಂದ ಮಿದುಳಿಗೆ ಬರೋಣ. ಬ್ಯಾಕ್ಟೀರಿಯಾ ಮಿದುಳಿಗೆ ಹೋಗಿರಲಿಲ್ಲ. ಹೋಗಿದ್ದರೆ ಅದು ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಸೋಂಕು ಆಗುತ್ತಿತ್ತು, ಕಥೆಯೇ ಬೇರೆ. ಎಲ್‌ಪಿಎಸ್ ಕೂಡ ಮಿದುಳಿನ ರಕ್ತನಾಳಗಳ ಬಿಗಿಯಾದ ಗೋಡೆಯನ್ನು ಸುಲಭವಾಗಿ ದಾಟುವುದಿಲ್ಲ. ದಾಟುವುದು ಸುದ್ದಿ. ಸೋಂಕಿನ ಜಾಗದಲ್ಲಿ ಟಿಎಲ್‌ಆರ್-4 ಕೆರಳಿದ ಕೋಶಗಳು ಟಿಎನ್‌ಎಫ್, ಐಎಲ್-1, ಐಎಲ್-6 ಎಂಬ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತವೆ. ಅವು ಮಿದುಳಿನ ರಕ್ತನಾಳದ ಒಳಗೋಡೆಯನ್ನು ಮುಟ್ಟಿದಾಗ ಆ ಗೋಡೆಯ ಕೋಶಗಳು ಒಳಬದಿಗೆ ಅದೇ ಸುದ್ದಿ ದಾಟಿಸುತ್ತವೆ. ಬಿಗಿಗೋಡೆ ಇಲ್ಲದ ಕೆಲವು ಸಣ್ಣ ಜಾಗಗಳೂ ಮಿದುಳಿನಲ್ಲಿವೆ, ಅಲ್ಲಿಂದಲೂ ಸುದ್ದಿ ಒಳಗೆ ಬರುತ್ತದೆ. ಹೊಟ್ಟೆ ಎದೆಯಿಂದ ಮಿದುಳಿಗೆ ಹೋಗುವ ವೇಗಸ್ ನರವೂ ಒಂದು ದಾರಿ.

ಸುದ್ದಿ ಕೇಳಿ ಎಚ್ಚರಾಗುವುದು ಮೈಕ್ರೋಗ್ಲಿಯಾ. ಇವು ಮಿದುಳಿನದೇ ರಕ್ಷಣಾ ಕೋಶಗಳು. 1919ರಲ್ಲಿ ಸ್ಪೇನಿನ ಪಿಯೋ ದೆಲ್ ರಿಯೋ ಒರ್ತೇಗಾ ಇವನ್ನು ಬೇರೆ ಕೋಶಗಳಿಂದ ಬಿಡಿಸಿ ಗುರುತಿಸಿದರು. ಮಗು ಹೊಟ್ಟೆಯಲ್ಲಿರುವಾಗ, ಇನ್ನೂ ಮೊದಲ ವಾರಗಳಲ್ಲೇ, ಭ್ರೂಣದ ಹಳದಿ ಚೀಲದಿಂದ ಬಂದು ಮಿದುಳಿನಲ್ಲಿ ನೆಲೆಸುವ ಕೋಶಗಳಿವು. ಆಮೇಲೆ ಅಲ್ಲೇ ಹುಟ್ಟಿ, ಅಲ್ಲೇ ಸಾಯುತ್ತಾ ತಮ್ಮ ಸಂಖ್ಯೆ ಉಳಿಸಿಕೊಳ್ಳುತ್ತವೆ. ಆರೋಗ್ಯವಾಗಿರುವ ಮಿದುಳಿನಲ್ಲೂ ಇವು ಸುಮ್ನೆ ಕೂರುವುದಿಲ್ಲ. ತಮ್ಮ ಸಣ್ಣ ಕೈಗಳನ್ನು ಚಾಚುತ್ತಾ, ಎಳೆದುಕೊಳ್ಳುತ್ತಾ ಸುತ್ತಮುತ್ತ ತಡಕಾಡುತ್ತಲೇ ಇರುತ್ತವೆ. ಸತ್ತ ಕೋಶದ ಚೂರುಗಳನ್ನು ತಿಂದು ಹಾಕುತ್ತವೆ. ಬೆಳೆಯುವ ಮಕ್ಕಳಲ್ಲಿ ಬೇಡದ ನರಸಂಪರ್ಕಗಳನ್ನು ಕತ್ತರಿಸುತ್ತವೆ.

ಜ್ವರ ಬಂದಾಗ ನಿಮಗೂ ನನಗೂ ಊಟ ಸೇರುವುದಿಲ್ಲ, ಮಾತು ಬೇಡ, ಮಲಗಿದರೆ ಸಾಕು ಅನಿಸುತ್ತದೆ ಅಲ್ವಾ? ಅದು ಮೈಯ ಸುಸ್ತು ಮಾತ್ರ ಅಲ್ಲ. ಸುದ್ದಿ ತಲುಪಿದ ಮಿದುಳು ನಮ್ಮನ್ನು ಬೇಕೆಂದೇ ಹಾಗೆ ಮಲಗಿಸುತ್ತದೆ. ಸೋಂಕು ಹೋದ ಮೇಲೆ ಎಲ್ಲ ಮೊದಲಿನಂತಾಗುತ್ತದೆ.

ಅಲ್ಝೈಮರ್ ಇರುವ ಮಿದುಳಿನಲ್ಲಿ ಹಾಗಾಗುವುದಿಲ್ಲ. ಯಾಕೆ ಅನ್ನುವುದೇ ಈ ವಿಷಯದ ತಿರುಳು.

ಈ ರಿಸೆಪ್ಟರ್‌ಗಳು ನೋಡುವುದು ಆಕಾರವನ್ನು. ಅದು ಹೊರಗಿನ ರೋಗಾಣುವಿನದಾ, ನಮ್ಮದೇ ಮೈಯಿನದಾ ಎಂದು ವಿಚಾರಿಸುವುದಿಲ್ಲ. ಅಲ್ಝೈಮರ್‌ನಲ್ಲಿ ಮಿದುಳಿನ ಕೋಶಗಳ ನಡುವೆ ಅಮೈಲಾಯ್ಡ್ ಎಂಬ ಪ್ರೋಟೀನ್ ಗಂಟುಕಟ್ಟಿ ಕೂರುತ್ತದೆ. ಟಿಎಲ್‌ಆರ್-2, ಟಿಎಲ್‌ಆರ್-4 ಮತ್ತು ಅವುಗಳ ಜೊತೆಗಾರ ಪ್ರೋಟೀನ್‌ಗಳು ಈ ಗಂಟನ್ನೂ ಹಿಡಿಯುತ್ತವೆ. ಪಾರ್ಕಿನ್ಸನ್‌ನಲ್ಲಿ ಸೇರಿಕೊಳ್ಳುವ ಆಲ್ಫಾ ಸೈನುಕ್ಲಿನ್ ಎಂಬ ಪ್ರೋಟೀನನ್ನು ಟಿಎಲ್‌ಆರ್-2 ಹಿಡಿಯುತ್ತದೆ. ಸ್ಟ್ರೋಕ್ ಆದಾಗ, ಮೂರ್ಛೆ ರೋಗದ ಫಿಟ್ಸ್ ಬಂದಾಗ, ನೊಂದ ನರಕೋಶಗಳಿಂದ ಎಚ್‌ಎಂಜಿಬಿ-1 ಎಂಬ ಪ್ರೋಟೀನ್ ಹೊರಗೆ ಸೋರುತ್ತದೆ. ಅದು ಟಿಎಲ್‌ಆರ್-4 ಅನ್ನು ಕೆರಳಿಸುತ್ತದೆ. ಎಲ್ಲೂ ರೋಗಾಣು ಇಲ್ಲ. ಆದರೂ ರೋಗಾಣು ಬಂದ ಹಾಗೆಯೇ ಗಲಾಟೆ ನಡೆಯುತ್ತದೆ.

ಇಲ್ಲಿ ಎನ್‌ಎಲ್‌ಆರ್‌ಪಿ-3 ಎಂಬ ಇನ್ನೊಂದು ರಿಸೆಪ್ಟರ್ ಬರುತ್ತದೆ. ಇದು ಕೋಶದ ಒಳಗೇ ಇರುತ್ತದೆ. ಅಪಾಯ ಕಂಡಾಗ ಹಲವು ಪ್ರೋಟೀನ್‌ಗಳು ಸೇರಿ ಒಂದು ಯಂತ್ರದಂತೆ ಜೋಡಣೆಯಾಗುತ್ತವೆ. ಅದಕ್ಕೆ ಯೂರ್ಗ್ ಚೋಪ್ ತಂಡ 2002ರಲ್ಲಿ ಇನ್‌ಫ್ಲಮಸೋಮ್ ಎಂದು ಹೆಸರಿಟ್ಟಿತು. ಇದು ಎರಡು ಹೆಜ್ಜೆಯಲ್ಲಿ ಕೆಲಸ ಮಾಡುತ್ತದೆ. ಮೊದಲು ಟೋಲ್ ರಿಸೆಪ್ಟರ್‌ನಿಂದ ಸೂಚನೆ ಬರಬೇಕು. ಆಗ ಐಎಲ್-1 ಬೀಟಾದ ಕಚ್ಚಾ ರೂಪ ತಯಾರಾಗುತ್ತದೆ. ಆಮೇಲೆ ಎರಡನೇ ಸೂಚನೆ ಬಂದಾಗ ಕ್ಯಾಸ್ಪೇಸ್-1 ಎಂಬ ಕಿಣ್ವ ಆ ಕಚ್ಚಾ ರೂಪವನ್ನು ಕತ್ತರಿಸಿ ಹೊರಗೆ ಬಿಡುತ್ತದೆ. ಗೌಟ್ ಇರುವವರ ಕಾಲಿನ ಹೆಬ್ಬೆರಳು ಕೆಂಪಗೆ ಊದಿ ಉರಿಯುವುದೂ ಇದೇ ಯಂತ್ರದಿಂದ. ಅಲ್ಲಿ ಎರಡನೇ ಸೂಚನೆ ಯೂರಿಕ್ ಆಸಿಡ್ ಹರಳು, ಇಲ್ಲಿ ಅಮೈಲಾಯ್ಡ್. 2013ರಲ್ಲಿ ಜರ್ಮನಿಯ ಮೈಕೆಲ್ ಹೆನೆಕಾ ತಂಡ, ಅಲ್ಝೈಮರ್ ಬರುವ ಹಾಗೆ ಬೆಳೆಸಿದ ಇಲಿಗಳಲ್ಲಿ ಎನ್‌ಎಲ್‌ಆರ್‌ಪಿ-3 ಜೀನ್ ತೆಗೆದುಹಾಕಿತು. ಆ ಇಲಿಗಳ ನೆನಪಿನ ಶಕ್ತಿ ಬಹುಮಟ್ಟಿಗೆ ಉಳಿಯಿತು, ಅಮೈಲಾಯ್ಡ್ ಕೂಡ ಕಡಿಮೆಯಾಯಿತು.

ಹೀಗೆ ವರ್ಷಗಟ್ಟಲೆ ಅಮೈಲಾಯ್ಡ್ ಮಧ್ಯೆ ಬದುಕಿದ ಮೈಕ್ರೋಗ್ಲಿಯಾ ಬೂದಿ ಮುಚ್ಚಿದ ಕೆಂಡದಂತೆ ಇರುತ್ತದೆ. ಮೂತ್ರದ ಸೋಂಕು, ನ್ಯುಮೋನಿಯಾ, ಸೊಂಟದ ಮೂಳೆ ಮುರಿತ, ಯಾವುದರ ಸುದ್ದಿ ಬಂದರೂ ಸಾಮಾನ್ಯ ಮಿದುಳಿಗಿಂತ ಎಷ್ಟೋ ಪಾಲು ಜಾಸ್ತಿ ಐಎಲ್-1, ಟಿಎನ್‌ಎಫ್ ಹೊರಬರುತ್ತದೆ. ಸುತ್ತಲಿನ ನರಕೋಶಗಳ ಮಾತುಕತೆ ತಪ್ಪುತ್ತದೆ. ನೀವು ಆ ರಾತ್ರಿ ನೋಡಿದ್ದು ಇದನ್ನೇ. ವೈದ್ಯರು ಡೆಲಿರಿಯಂ ಎನ್ನುತ್ತಾರೆ, ನಮ್ಮ ಕಡೆ ಹಿರಿಯರು ಸನ್ನಿ ಎನ್ನುತ್ತಾರೆ.

ಅದು ಪೂರ್ತಿ ಹಿಂದಕ್ಕೆ ಬರಲಿಲ್ಲ ಎಂದು ಬರೆದಿದ್ದೀರಿ. ನೀವು ಗಮನಿಸಿದ್ದು ಸರಿ. ಇಂಗ್ಲೆಂಡಿನಲ್ಲಿ 300 ಅಲ್ಝೈಮರ್ ರೋಗಿಗಳನ್ನು ಆರು ತಿಂಗಳು ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ ಸೋಂಕು ಅಥವಾ ಪೆಟ್ಟು ಆದವರ ನೆನಪು ಮತ್ತು ಬುದ್ಧಿ ಉಳಿದವರಿಗಿಂತ ಸುಮಾರು ಎರಡು ಪಟ್ಟು ವೇಗವಾಗಿ ಕುಸಿದಿತ್ತು. ಆದರೆ ಈಗಲೇ ಕೈಚೆಲ್ಲಬೇಡಿ. ಡೆಲಿರಿಯಂ ಇಳಿಯಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಒಂದು ತಿಂಗಳಿಗೆ "ಇಷ್ಟೇ" ಎಂದು ತೀರ್ಮಾನಿಸುವುದು ಬೇಗ ಆಯಿತು. ಮೂರು ತಿಂಗಳಾದ ಮೇಲೆ ಮತ್ತೆ ನೆನಪಿನ ಪರೀಕ್ಷೆ ಮಾಡಿಸಿ.

ಇಷ್ಟು ಓದಿದರೆ ಯಾರಿಗಾದರೂ ಅನಿಸುತ್ತದೆ: ಹಾಗಾದರೆ ಈ ರಿಸೆಪ್ಟರ್‌ಗಳನ್ನು ಬಂದ್ ಮಾಡಿಬಿಟ್ಟರೆ ಆಯಿತಲ್ಲ? ಇಲ್ಲ. ಅದಕ್ಕೆ ಎರಡು ಕಾಯಿಲೆಗಳ ಬಗ್ಗೆ ಹೇಳಬೇಕು.

ಒಂದು ನಾಸು-ಹಕೋಲಾ ಕಾಯಿಲೆ. ಬಹಳ ಅಪರೂಪ. ಜಪಾನ್ ಮತ್ತು ಫಿನ್ಲೆಂಡ್‌ನ ವೈದ್ಯರು ಮೊದಲು ಗುರುತಿಸಿದರು. ಮೈಕ್ರೋಗ್ಲಿಯಾ ಮೇಲೆ ಟ್ರೆಮ್-2 ಎಂಬ ರಿಸೆಪ್ಟರ್ ಇದೆ. ಅದರ ಜೀನ್‌ನಲ್ಲಿ ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ ಎರಡೂ ಕೆಟ್ಟಿದ್ದರೆ ಯೌವನದಲ್ಲೇ ಮೂಳೆಗಳು ಟೊಳ್ಳಾಗಿ ಮುರಿಯುತ್ತವೆ. ನಲವತ್ತರ ಆಸುಪಾಸಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಬರುತ್ತದೆ. ಇಲ್ಲಿ ಮಿದುಳು ಹಾಳಾಗಿದ್ದು ರಿಸೆಪ್ಟರ್ ಕೆರಳಿದ್ದರಿಂದ ಅಲ್ಲ, ಇಲ್ಲದ್ದರಿಂದ. 2013ರಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಟ್ರೆಮ್-2ರ ಒಂದೇ ಪ್ರತಿಯಲ್ಲಿ ಒಂದು ಸಣ್ಣ ಬದಲಾವಣೆ ಇದ್ದರೂ ವಯಸ್ಸಾದ ಮೇಲೆ ಅಲ್ಝೈಮರ್ ಬರುವ ಸಾಧ್ಯತೆ ಸುಮಾರು ಮೂರು ಪಟ್ಟು. ಟ್ರೆಮ್-2 ಸರಿ ಇದ್ದರೆ ಮೈಕ್ರೋಗ್ಲಿಯಾಗಳು ಅಮೈಲಾಯ್ಡ್ ಗಂಟಿನ ಸುತ್ತ ನೆರೆದು ಅದನ್ನು ಬಿಗಿಯಾಗಿ ಸುತ್ತುವರಿಯುತ್ತವೆ. ಇಲ್ಲದಿದ್ದರೆ ಗಂಟು ಹರಡಿಕೊಂಡು ಪಕ್ಕದ ನರತಂತುಗಳನ್ನು ಹಾಳು ಮಾಡುತ್ತದೆ.

ಇನ್ನೊಂದು, ಮಕ್ಕಳ ಹರ್ಪಿಸ್ ಮಿದುಳು ಜ್ವರ. ತುಟಿಯ ಅಂಚಿನಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ನಮ್ಮಲ್ಲಿ ಬಹುಪಾಲು ಜನರ ಮೈಯಲ್ಲಿ ಇದೆ, ಏನೂ ಮಾಡುವುದಿಲ್ಲ. ಆದರೆ ಲಕ್ಷಾಂತರ ಮಕ್ಕಳಲ್ಲಿ ಯಾರೋ ಒಬ್ಬರಿಗೆ ಅದು ಮಿದುಳಿಗೇ ನುಗ್ಗುತ್ತದೆ. ಆ ಮಗು ಉಳಿದಂತೆ ಗಟ್ಟಿಮುಟ್ಟಾಗಿರುತ್ತದೆ. ಬೇರೆ ಸೋಂಕುಗಳನ್ನು ಚೆನ್ನಾಗಿಯೇ ಎದುರಿಸಿರುತ್ತದೆ. 2007ರಲ್ಲಿ ಕಸನೋವಾ ಅವರ ತಂಡ ಇಂಥ ಕೆಲವು ಮಕ್ಕಳಲ್ಲಿ ಟಿಎಲ್‌ಆರ್-3 ಜೀನ್ ಕೆಟ್ಟಿರುವುದನ್ನು ಕಂಡುಹಿಡಿಯಿತು. ರಕ್ತದ ಕೋಶಗಳಿಗೆ ಈ ವೈರಸ್ ತಡೆಯಲು ಬೇರೆ ದಾರಿಗಳಿವೆ. ಮಿದುಳಿನ ನರಕೋಶಗಳು ಟಿಎಲ್‌ಆರ್-3 ಅನ್ನೇ ನೆಚ್ಚಿಕೊಂಡಿವೆ. ಒಂದೇ ಒಂದು ರಿಸೆಪ್ಟರ್, ಒಂದೇ ಒಂದು ವೈರಸ್, ಒಂದೇ ಒಂದು ಅಂಗ. ಇಮ್ಯೂನಿಟಿ ಅಂದರೆ ಇಡೀ ಮೈಗೆ ಒಂದೇ ಅಳತೆ ಎಂದು ತಿಳಿದವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ ಅನಿಸುತ್ತದೆ ನನಗೆ.

ನಮ್ಮ ಜಿಲ್ಲೆಗೆ ಹತ್ತಿರದ ಉದಾಹರಣೆಯೂ ಇದೆ. ಭದ್ರಾ ಕಾಲುವೆಯ ನೀರು ನಿಂತ ಭತ್ತದ ಗದ್ದೆಗಳಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಜಪಾನಿ ಮಿದುಳು ಜ್ವರ ಹರಡಬಲ್ಲದು. ಹಂದಿ ಮತ್ತು ಕೊಕ್ಕರೆಗಳಲ್ಲಿ ಈ ವೈರಸ್ ಹೆಚ್ಚುತ್ತದೆ. ಮಗುವಿನ ನರಕೋಶದೊಳಗೆ ವೈರಸ್ ಸೇರಿದಾಗ ಮೈಕ್ರೋಗ್ಲಿಯಾ ಎದ್ದು ನಿಲ್ಲಲೇಬೇಕು. ಆದರೆ ಅದು ಮಿತಿ ಮೀರಿದರೆ, ವೈರಸ್ ಮುಟ್ಟದ ಪಕ್ಕದ ಕೋಶಗಳೂ ಸಾಯುತ್ತವೆ. ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಮಿನೊಸೈಕ್ಲಿನ್ ಎಂಬ ಹಳೆಯ ಆ್ಯಂಟಿಬಯಾಟಿಕ್ ಮೈಕ್ರೋಗ್ಲಿಯಾ ಆರ್ಭಟ ತಗ್ಗಿಸಿ ಇಲಿಗಳನ್ನು ಉಳಿಸಿತು. ಲಖನೌನಲ್ಲಿ ಮಿದುಳು ಜ್ವರದ ರೋಗಿಗಳಿಗೆ ಕೊಟ್ಟು ನೋಡಿದಾಗ ಅಷ್ಟು ಸ್ಪಷ್ಟ ಲಾಭ ಸಿಗಲಿಲ್ಲ. ಈ ಕಾಯಿಲೆಗೆ ಇವತ್ತಿಗೂ ವೈರಸ್ ಕೊಲ್ಲುವ ಔಷಧಿ ಇಲ್ಲ. ಲಸಿಕೆ ಇದೆ. ಕಾಯಿಲೆ ಇರುವ ಜಿಲ್ಲೆಗಳಲ್ಲಿ ಸರ್ಕಾರವೇ ಮಗುವಿಗೆ 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್ ಕೊಡುತ್ತದೆ. ನಿಮ್ಮ ಮನೆಯಲ್ಲಿ ಮೊಮ್ಮಕ್ಕಳಿದ್ದರೆ ತಾಯಿ ಕಾರ್ಡ್ ತೆಗೆದು ಎರಡೂ ಡೋಸ್ ಆಗಿದೆಯಾ ನೋಡಿ.

ಇಮ್ಯೂನಿಟಿ ತಗ್ಗಿಸಿ ಜೀವ ಉಳಿಸುವ ಕಾಯಿಲೆಯೂ ಇದೆ: ಮಿದುಳಿನ ಟಿಬಿ. ವಿಯೆಟ್ನಾಂನಲ್ಲಿ 545 ರೋಗಿಗಳ ಮೇಲೆ ನಡೆದ ಪ್ರಯೋಗ 2004ರಲ್ಲಿ ಹೊರಬಂತು. ಟಿಬಿ ಮಾತ್ರೆಗಳ ಜೊತೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಕೊಟ್ಟವರಲ್ಲಿ ಸಾವು ಸುಮಾರು ಶೇ 41ರಿಂದ ಶೇ 32ಕ್ಕೆ ಇಳಿಯಿತು. ಸ್ಟಿರಾಯ್ಡ್ ಎಂಬ ಹೆಸರು ಕೇಳಿ ಹೆದರಿ ಮನೆಯವರೇ ನಿಲ್ಲಿಸಿಬಿಡುವುದುಂಟು. ಮಿದುಳಿನ ಟಿಬಿಯಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ವೈದ್ಯರು ಹೇಳಿದ ಹಾಗೆ ನಿಧಾನವಾಗಿಯೇ ಇಳಿಸಬೇಕು.

ಅಲ್ಝೈಮರ್‌ಗೆ ಮಾತ್ರ ಎರಡೂ ಕಡೆಯ ಪ್ರಯತ್ನ ಇನ್ನೂ ಕೈಗೂಡಿಲ್ಲ. ಉರಿಯೂತ ಇಳಿಸುವ ನೋವಿನ ಮಾತ್ರೆಗಳಾದ ನೆಪ್ರಾಕ್ಸೆನ್ ಮತ್ತು ಸೆಲೆಕಾಕ್ಸಿಬ್ ಅನ್ನು ಅಮೆರಿಕದಲ್ಲಿ 70 ದಾಟಿದ ಎರಡೂವರೆ ಸಾವಿರ ಜನರಲ್ಲಿ ಪರೀಕ್ಷಿಸಿದರು. ಮರೆವು ತಡೆಯಲಿಲ್ಲ. ಟ್ರೆಮ್-2 ಅನ್ನು ಚುರುಕು ಮಾಡುವ ಒಂದು ಆ್ಯಂಟಿಬಾಡಿಯ ಫಲಿತಾಂಶ 2024ರ ಕೊನೆಗೆ ಬಂತು. ಅದೂ ಕಾಯಿಲೆಯ ವೇಗ ತಗ್ಗಿಸಲಿಲ್ಲ. ಎನ್‌ಎಲ್‌ಆರ್‌ಪಿ-3 ತಡೆಯುವ ಔಷಧಿಗಳು ಪರೀಕ್ಷೆಯಲ್ಲಿವೆ. ಸರಿಯಾದ ಹಂತ ಹಿಡಿದರೆ ಇವುಗಳಲ್ಲಿ ಯಾವುದಾದರೂ ಒಂದು ಕೆಲಸ ಮಾಡುತ್ತದೆ ಎಂಬ ನಂಬಿಕೆ ನನಗಿದೆ. ಆದರೆ ಇವತ್ತು ನಿಮ್ಮ ತಾಯಿಗೆ ಬರೆದುಕೊಡುವಂಥದ್ದು ಯಾವುದೂ ಇಲ್ಲ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ದಿನಾ ಕೊಟ್ಟರೆ ಕಿಡ್ನಿ ಮತ್ತು ಹೊಟ್ಟೆ ಕೆಡುತ್ತದೆ, ಅಷ್ಟೇ.

ಪುಡಿಯ ಬಗ್ಗೆ. ಅದು ಟಿಎಲ್‌ಆರ್-4 ಅನ್ನು ಏರಿಸುತ್ತದಾ, ಟ್ರೆಮ್-2 ಅನ್ನು ಏರಿಸುತ್ತದಾ? ತಂದುಕೊಟ್ಟವರಿಗೂ ಗೊತ್ತಿರುವುದಿಲ್ಲ, ಮಾಡಿದವರಿಗೂ ಗೊತ್ತಿರುವುದಿಲ್ಲ. ಕೆರಳಿದ ಮೈಕ್ರೋಗ್ಲಿಯಾ ನಿಜವಾಗಿಯೂ ಇನ್ನಷ್ಟು ಕೆರಳಿದರೆ ನಷ್ಟ ಅವ್ವನಿಗೇ. ಲೋಹದ ಭಸ್ಮ ಸೇರಿಸಿದ ಕೆಲವು ಪುಡಿಗಳಲ್ಲಿ ಸೀಸ ಸಿಕ್ಕಿದ ವರದಿಗಳಿವೆ. ಸೀಸ ನೇರವಾಗಿ ಮಿದುಳಿಗೇ ವಿಷ. ಸಂಬಂಧಿಕರು ಪ್ರೀತಿಯಿಂದ ತಂದಿದ್ದಾರೆ, ಅವರ ಮನಸ್ಸು ನೋಯಿಸಬೇಡಿ. ಡಾಕ್ಟರ್ ಬೇಡ ಅಂದರು ಎಂದು ನನ್ನ ಮೇಲೆ ಹಾಕಿ.

ಹಾಗಾದರೆ ನಿಮ್ಮ ಕೈಯಲ್ಲಿ ಇರುವುದು ಏನು? ಮಿದುಳಿಗೆ ಹೋಗುವ ಸುದ್ದಿಯನ್ನೇ ಕಡಿಮೆ ಮಾಡುವುದು. ಸೋಂಕು ಬರದ ಹಾಗೆ ನೋಡಿಕೊಳ್ಳುವುದು, ಬಂದರೆ ಮೊದಲ ದಿನವೇ ಹಿಡಿಯುವುದು.

ಮರೆವು ಇರುವವರಿಗೆ ಬಾಯಾರಿಕೆಯೂ ಮರೆಯುತ್ತದೆ. ಮಾರ್ಚ್‌ನಿಂದ ಮೇವರೆಗೆ ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ರಾತ್ರಿ ಏಳಬೇಕಾಗುತ್ತದೆ ಎಂದು ಎಷ್ಟೋ ಹಿರಿಯ ಹೆಂಗಸರು ಸಂಜೆಯಿಂದಲೇ ನೀರು ಬಿಡುತ್ತಾರೆ. ಕೇಳಿ ಕೊಡಬೇಡಿ, ಕೈಗೇ ಕೊಡಿ. ನೀರು ಬೇಡ ಅಂದರೆ ಮಜ್ಜಿಗೆ, ರಾಗಿ ಅಂಬಲಿ, ತಿಳಿಸಾರು ಏನಾದರೂ ಆಗುತ್ತದೆ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಮಾತ್ರ ಕೇಳಿಕೊಂಡು ಕೊಡಿ. ಮಲಬದ್ಧತೆ ಆಗದಂತೆ ನೋಡಿ, ಅದರಿಂದ ಮೂತ್ರವೂ ಕಟ್ಟುತ್ತದೆ. ಡಯಾಪರ್ ಹಾಕುತ್ತಿದ್ದರೆ ಒದ್ದೆಯಾದ ತಕ್ಷಣ ಬದಲಾಯಿಸಿ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋಕಾಕಸ್ ಲಸಿಕೆ ಹಾಕಿಸಿಲ್ಲದಿದ್ದರೆ ಅದನ್ನೂ ಹಾಕಿಸಿ. ಇನ್ನೊಂದು ವಿಷಯ ನಿಮಗಾಗಿ, ಅವ್ವನಿಗಲ್ಲ. ಸರ್ಪಸುತ್ತು ತಡೆಯುವ ಲಸಿಕೆ ಪಡೆದ ಹಿರಿಯರಲ್ಲಿ ಮುಂದಿನ ಏಳು ವರ್ಷಗಳಲ್ಲಿ ಡಿಮೆನ್ಷಿಯಾ ಸುಮಾರು ಶೇ 20ರಷ್ಟು ಕಡಿಮೆ ಕಂಡಿತು ಎಂದು ವೇಲ್ಸ್‌ನ ದಾಖಲೆಗಳನ್ನು ಜಾಲಾಡಿದ ಅಧ್ಯಯನ 2025ರಲ್ಲಿ ಹೇಳಿದೆ. ನೀವು 50 ದಾಟಿದ್ದರೆ ನಿಮ್ಮ ವೈದ್ಯರ ಹತ್ತಿರ ಇದರ ಬಗ್ಗೆ ಮಾತಾಡಿ. ಲಸಿಕೆ ದುಬಾರಿ ಇದೆ.

ಸೋಂಕು ಹಿಡಿಯುವ ಬಗೆ ಹೀಗೆ. ಜ್ವರಕ್ಕಾಗಿ ಕಾಯಬೇಡಿ. ಈ ವಯಸ್ಸಿನಲ್ಲಿ ಜ್ವರ ಬಾರದೆಯೂ ಇರಬಹುದು, ಉರಿಮೂತ್ರ ಎಂದು ಅವರು ಹೇಳದೆಯೂ ಇರಬಹುದು. ಗಂಟೆಗಳಲ್ಲಿ ಅಥವಾ ಒಂದೇ ದಿನದಲ್ಲಿ ಆದ ಬದಲಾವಣೆಯನ್ನು ನೋಡಿ. ನಿನ್ನೆ ಕುಳಿತು ಉಂಡವರು ಇವತ್ತು ತೂಕಡಿಸುತ್ತಿದ್ದರೆ, ಇಲ್ಲದ್ದನ್ನು ನೋಡಿ ಮಾತಾಡಿದರೆ, ಇದ್ದಕ್ಕಿದ್ದಂತೆ ಬಿದ್ದರೆ, ಅದು ಮರೆವು ಹೆಚ್ಚಾದದ್ದಲ್ಲ. ಅಲ್ಝೈಮರ್ ಒಂದೇ ರಾತ್ರಿಯಲ್ಲಿ ಹೆಚ್ಚಾಗುವುದಿಲ್ಲ. ಅವತ್ತೇ ಆಸ್ಪತ್ರೆಗೆ ಕರೆತನ್ನಿ. ಸುಮ್ಮನೆ ಮಲಗಿಯೇ ಇರುವ, ಗಲಾಟೆ ಮಾಡದ ಡೆಲಿರಿಯಂ ಇನ್ನೂ ಅಪಾಯ, ಯಾಕೆಂದರೆ "ಇವತ್ತು ಅವ್ವ ಶಾಂತವಾಗಿದ್ದಾಳೆ" ಎಂದು ಮನೆಯವರು ಬಿಟ್ಟುಬಿಡುತ್ತಾರೆ.

ಹಾಗಂತ ಪ್ರತಿ ಗಲಿಬಿಲಿಗೂ ಮೂತ್ರದ ಸೋಂಕೇ ಕಾರಣ ಎಂದು ಹಿಡಿಯಬೇಡಿ. ವಯಸ್ಸಾದ ಹೆಂಗಸರ ಮೂತ್ರದಲ್ಲಿ ತೊಂದರೆ ಕೊಡದ ಬ್ಯಾಕ್ಟೀರಿಯಾ ಇರುವುದು ಬಹಳ ಸಾಮಾನ್ಯ. ರಿಪೋರ್ಟ್‌ನಲ್ಲಿ ಅದು ಕಂಡ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕಿಲ್ಲ. ಸೋಡಿಯಂ ಇಳಿದಿರಬಹುದು, ಸಕ್ಕರೆ ಇಳಿದಿರಬಹುದು, ಎದೆಯಲ್ಲಿ ನ್ಯುಮೋನಿಯಾ ಇರಬಹುದು. ಹಿಂದಿನ ವಾರ ಬಚ್ಚಲಲ್ಲಿ ಜಾರಿ ಬಿದ್ದದ್ದರಿಂದ ತಲೆಯೊಳಗೆ ರಕ್ತ ಸೇರಿರಬಹುದು. ಇವೆಲ್ಲವನ್ನೂ ನೋಡಿಸಬೇಕು.

ಆಸ್ಪತ್ರೆಯಲ್ಲಿರುವಾಗ ಗುರುತಿನ ಒಂದು ಮುಖ ಸದಾ ಪಕ್ಕದಲ್ಲಿರಲಿ. ಕನ್ನಡಕ, ಕಿವಿ ಮಿಷನ್ ತೆಗೆದಿಡಬೇಡಿ. ಹಗಲು ಕಿಟಕಿ ತೆರೆದಿರಲಿ, ರಾತ್ರಿ ದೀಪ ಆರಲಿ.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಅವ್ವ ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಿದ್ದೆ ಮಾತ್ರೆ, ನೆಗಡಿ ಮಾತ್ರೆ, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ಇವು ಡೆಲಿರಿಯಂ ತರುವ, ಬಂದದ್ದನ್ನು ಉಳಿಸುವ ಔಷಧಿಗಳು. ಅಡ್ಮಿಟ್ ಆದಾಗ ಗಲಾಟೆ ತಡೆಯಲು ಕೊಟ್ಟ ಮಾತ್ರೆ ಈಗಲೂ ನಡೆಯುತ್ತಿದೆಯಾ ಎಂದು ಡಿಸ್ಚಾರ್ಜ್ ಶೀಟ್‌ನಲ್ಲಿ ನೋಡಿ. ನಡೆಯುತ್ತಿದ್ದರೆ ಇನ್ನೂ ಬೇಕಾ, ಹೇಗೆ ಇಳಿಸಬೇಕು ಎಂದು ಅವರನ್ನೇ ಕೇಳಿ. ಅವ್ವ ಮೊದಲಿನ ಹಾಗೆ ಆಗದಿರಲು ಅದೂ ಒಂದು ಕಾರಣ ಇರಬಹುದು. ಜೊತೆಗೆ ಬಿ-12, ಥೈರಾಯ್ಡ್, ಸೋಡಿಯಂ ಒಮ್ಮೆ ಪರೀಕ್ಷೆ ಮಾಡಿಸಲು ಹೇಳಿ.